ಊರು ಒಂದೇ, ರಾಜಧಾನಿ ಹದಿಮೂರು

ಸಿಂದಗಿಯ ಒಂದು ಓದುವ ಕೋಣೆ. ಬೆಳಿಗ್ಗೆ ಹತ್ತಕ್ಕೆಲ್ಲ ಕುರ್ಚಿ ಭರ್ತಿ. ಪಿಡಿಒ, ಎಫ್‌ಡಿಎ, ಪೊಲೀಸ್, ಕೆಎಎಸ್ ಅಂತ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಒಬ್ಬ ಹುಡುಗ ಕೇಳುತ್ತಿದ್ದ, ಇನ್ನೊಬ್ಬ ಉತ್ತರ ಹೇಳುತ್ತಿದ್ದ.

"ಫಿಜಿ?"

"ಸುವಾ."

"ಟೋಂಗಾ?"

"ನುಕುಅಲೋಫಾ."

"ಪಪುವಾ ನ್ಯೂಗಿನಿ?"

"ಪೋರ್ಟ್ ಮೊರೆಸ್ಬಿ."

"ನೌರು?"

ಇಲ್ಲಿ ಗಾಡಿ ನಿಂತಿತು. "ಯಾರೆನ್ ಅಂತ ಕೊಟ್ಟಾರ. ಕೆಳಗ ಸಣ್ಣ ಅಕ್ಷರದಾಗ 'ಅಧಿಕೃತ ರಾಜಧಾನಿ ಇಲ್ಲ' ಅಂತನೂ ಬರದಾರ."

"ರಾಜಧಾನಿ ಇಲ್ಲದ ದೇಶ ಇರ್ತದೇನ್ಲೆ?"

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿದರು. "ಅದಿರ್ಲಿ ತಮ್ಮಾ. ನಾ ಹುಟ್ಟಿದಾಗ ನಮ್ಮ ಸಿಂದಗಿಗೆ ರಾಜಧಾನಿ ಯಾವ್ದಿತ್ತು, ಹೇಳು ನೋಡೂಣು?"

"ಬೆಂಗಳೂರು ರೀ ಕಾಕಾ."

"ಅಲ್ಲ. ಮುಂಬೈ."

ಹುಡುಗರು ಮುಖ ಮುಖ ನೋಡಿಕೊಂಡರು. ಏಳು ಸಮುದ್ರದಾಚೆಯ ರಾಜಧಾನಿಗಳು ಬಾಯಿಪಾಠ ಇದ್ದವು. ತಮ್ಮದೇ ಊರಿನ ಹಳೆಯ ರಾಜಧಾನಿ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ಆ ಪ್ರಶ್ನೆ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅದಕ್ಕೇ ಈ ಬರಹ.

ರಾಜಧಾನಿ ಅಂದರೆ ಏನು?

ಪದದಲ್ಲೇ ರಾಜನಿದ್ದಾನೆ. ಈಗ ರಾಜನಿಲ್ಲ, ರಾಜಧಾನಿ ಉಳಿದಿದೆ. ಹಳ್ಳಿಯವರಿಗೆ ಅದರ ಅರ್ಥ ಎರಡೇ ಮಾತಿನಲ್ಲಿ ಹೇಳಬಹುದು. ನಮ್ಮ ಕಂದಾಯ ಕೊನೆಗೆ ಎಲ್ಲಿಗೆ ಹೋಗುತ್ತದೆ? ನಮ್ಮ ಅರ್ಜಿ ಕೊನೆಗೆ ಯಾವ ಊರಿನ ಮೇಜಿನ ಮೇಲೆ ಕೂರುತ್ತದೆ? ಆ ಊರೇ ರಾಜಧಾನಿ.

ಈ ಲೆಕ್ಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರಾಜಧಾನಿಗಳನ್ನು ಎಣಿಸೋಣ.

543ರ ಹೊತ್ತಿಗೆ ಒಂದನೇ ಪುಲಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿದ. ಅದು ಮೊದಲನೆಯದು. ನಂತರ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಕಾಲದ್ದೊಂದು ಗುರುತು ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿದೆ. ಮೂರನೇ ಕೃಷ್ಣನ ಕಾಲದ, 945ರ ಶಾಸನ ಅಲ್ಲಿನ ವಿದ್ಯಾಶಾಲೆಯ ಸುದ್ದಿ ಹೇಳುತ್ತದೆ. ಬೇರೆ ಬೇರೆ ಸೀಮೆಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಓದಲು ಬರುತ್ತಿದ್ದರು. ಇಂದು ಓದಲಿಕ್ಕೆ ನಮ್ಮ ಹುಡುಗರು ಧಾರವಾಡಕ್ಕೆ ಹೋಗುತ್ತಾರೆ, ಅಂದು ಹೊರಗಿನವರು ಸಾಲೋಟಗಿಗೆ ಬರುತ್ತಿದ್ದರು.

ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದ. ಕಲ್ಯಾಣದ ನಂತರ ಸೇವುಣರ ದೇವಗಿರಿ. ನಡುವೆ ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್ ಅದೇ ದೇವಗಿರಿಗೆ ದೌಲತಾಬಾದ್ ಎಂದು ಹೆಸರಿಟ್ಟು 1327ರಲ್ಲಿ ದಿಲ್ಲಿಯ ಜನರನ್ನೇ ಅಲ್ಲಿಗೆ ಎಬ್ಬಿಸಿ ತಂದ. 1347ರಲ್ಲಿ ಬಹಮನಿಗಳ ಕಲಬುರಗಿ. ಮುಂದೆ ಅಹಮದ್ ಶಾಹನ ಕಾಲದಲ್ಲಿ ಬೀದರ್. ಬಹಮನಿ ರಾಜ್ಯ ಒಡೆದಾಗ ಆದಿಲ್ ಶಾಹಿಗಳ ವಿಜಯಪುರ. ಆಗ ಮಾತ್ರ ರಾಜಧಾನಿ ನಮ್ಮ ಮನೆ ಬಾಗಿಲಿಗೆ ಬಂತು. ಸುಮಾರು ಎರಡು ನೂರು ವರ್ಷ ಇಲ್ಲೇ ಇತ್ತು.

1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಶಾಹ ಔರಂಗಜೇಬನಿಗೆ ಶರಣಾದ. ರಾಜಧಾನಿ ದಿಲ್ಲಿಯಾಯಿತು. ನಂತರ ನಿಜಾಮನ ಕೈಗೆ ಬಂದಾಗ ಔರಂಗಾಬಾದ್. 1760ರಲ್ಲಿ ಪೇಶ್ವೆಗಳಿಗೆ ಹೋದಾಗ ಪುಣೆ. 1818ರಲ್ಲಿ ಪೇಶ್ವೆ ಸೋತ ಮೇಲೆ ಇಂಗ್ಲಿಷರು ವಿಜಯಪುರ ಮತ್ತು ಅದರ ಸುತ್ತಿನ ಸೀಮೆಯನ್ನು ಸಾತಾರಾದ ರಾಜನಿಗೆ ಕೊಟ್ಟರು. 1848ರಲ್ಲಿ ಅದನ್ನೂ ತಾವೇ ತೆಗೆದುಕೊಂಡರು, ಮುಂಬೈ ರಾಜಧಾನಿಯಾಯಿತು. 1956ರ ನವೆಂಬರ್ 1ರಿಂದ ಬೆಂಗಳೂರು.

ಎಣಿಸಿ ನೋಡಿ: ಬಾದಾಮಿ, ಮಾನ್ಯಖೇಟ, ಕಲ್ಯಾಣ, ದೇವಗಿರಿ, ಕಲಬುರಗಿ, ಬೀದರ್, ವಿಜಯಪುರ, ದಿಲ್ಲಿ, ಔರಂಗಾಬಾದ್, ಪುಣೆ, ಸಾತಾರಾ, ಮುಂಬೈ, ಬೆಂಗಳೂರು. ಹದಿಮೂರು. ಇವುಗಳಲ್ಲಿ ಒಂದೆರಡು ನಾಲ್ಕೂ ತಾಲ್ಲೂಕಿಗೆ ಒಂದೇ ಸಮ ಅನ್ವಯಿಸುವುದಿಲ್ಲ, ಸಾತಾರಾ ಅಂಥದ್ದು. ಆದರೂ ಕಥೆ ಅದೇ. ಹೊಲ ಸರಿದಿಲ್ಲ, ಬಾವಿ ಸರಿದಿಲ್ಲ, ಹನುಮಪ್ಪನ ಗುಡಿ ಸರಿದಿಲ್ಲ. ರಾಜಧಾನಿ ಮಾತ್ರ ತಿರುಗುತ್ತಲೇ ಇದೆ.

ರಾಜಧಾನಿ ಯಾಕೆ ಸರಿಯುತ್ತದೆ? ಇದಕ್ಕೆ ಉತ್ತರ ಹುಡುಕಲು ಆ ಹುಡುಗರ ಪುಸ್ತಕದಲ್ಲಿದ್ದ ಶಾಂತ ಸಾಗರದ ದ್ವೀಪಗಳೇ ಒಳ್ಳೆಯ ಶಾಲೆ. ಅಲ್ಲಿನ ದೇಶಗಳು ಸಣ್ಣವು. ಪಲಾವು ಎಂಬ ಇಡೀ ದೇಶದಲ್ಲಿರುವ ಜನ ಸುಮಾರು 18,000. ನಮ್ಮ ಇಂಡಿ ಪಟ್ಟಣದಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ಸಣ್ಣ ಊರಿನಲ್ಲಿ ಯಾರ ಜಗಳ ಯಾಕೆ ಅಂತ ಬೇಗ ತಿಳಿಯುವ ಹಾಗೆ, ಸಣ್ಣ ದೇಶದಲ್ಲಿ ರಾಜಧಾನಿ ಯಾಕೆ ಸರಿಯಿತು ಅಂತ ಬೇಗ ತಿಳಿಯುತ್ತದೆ.

ಜಾಗ ಸಾಲದೆ, ರೈಲು ಬಂದು

ಫಿಜಿಯ ಮೊದಲ ರಾಜಧಾನಿ ಸುವಾ ಅಲ್ಲ, ಲೆವುಕಾ. ಒವಲಾವು ಎಂಬ ಸಣ್ಣ ದ್ವೀಪದ ದಂಡೆಯ ಊರು. 1874ರ ಅಕ್ಟೋಬರ್ 10ರಂದು ಫಿಜಿಯ ಮುಖಂಡರು ತಮ್ಮ ದ್ವೀಪಗಳನ್ನು ಬ್ರಿಟನ್ನಿಗೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದ್ದು ಅಲ್ಲೇ. 1879ರಲ್ಲಿ ಭಾರತದಿಂದ ಕೂಲಿಗಳನ್ನು ಹೊತ್ತ ಮೊದಲ ಹಡಗು ಲಿಯೋನಿಡಾಸ್ ಬಂದು ನಿಂತಿದ್ದೂ ಅಲ್ಲೇ. ಮುಂದೆ 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರು ಕಬ್ಬಿನ ಗದ್ದೆಯ ಕೂಲಿಗೆಂದು ಫಿಜಿಗೆ ಹೋದರು. ಕರಾರು ಪತ್ರಕ್ಕೆ ಇಂಗ್ಲಿಷರು ಅಗ್ರಿಮೆಂಟ್ ಅಂದರು, ಕೂಲಿಗಳ ಬಾಯಲ್ಲಿ ಅದು ಗಿರ್ಮಿಟ್ ಆಯಿತು. ನಮ್ಮ ಚುರುಮುರಿ ಗಿರಮಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಬ್ಬು ಕಡಿಯಲು ಮಕ್ಕಳು ಮರಿ ಕಟ್ಟಿಕೊಂಡು ದೂರ ಹೋಗುವುದು ಏನು ಅಂತ ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಲೆವುಕಾದ ಹಿಂದೆ ಕಡಿದಾದ ಗುಡ್ಡ, ಮುಂದೆ ಸಮುದ್ರ. ಊರು ಬೆಳೆಯಲು ಜಾಗವಿರಲಿಲ್ಲ. 1877ರಲ್ಲಿ ಸುವಾಕ್ಕೆ ಹೋಗುವ ತೀರ್ಮಾನವಾಯಿತು, 1882ರಲ್ಲಿ ಸರ್ಕಾರ ಗಂಟುಮೂಟೆ ಕಟ್ಟಿತು. ಸುವಾ ಬೆಳೆಯಿತು, ಲೆವುಕಾ ನಿಂತಲ್ಲೇ ನಿಂತಿತು. 2013ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ಹೊತ್ತಿಗೆ, ಮೂರೇ ವರ್ಷದ ಅಂತರದಲ್ಲಿ, ನಮ್ಮಲ್ಲೂ ಇಂಥದ್ದೇ ನಡೆಯಿತು. ನಮ್ಮ ಲೆವುಕಾದ ಹೆಸರು ಕಲಾದಗಿ.

ಇಂದು ದಾಳಿಂಬೆ, ಚಿಕ್ಕುಹಣ್ಣಿಗೆ ಹೆಸರಾದ, ಬಾಗಲಕೋಟೆ ಬಳಿಯ ಕಲಾದಗಿ 1864ರಿಂದ ನಮ್ಮ ಜಿಲ್ಲಾ ಕೇಂದ್ರವಾಗಿತ್ತು. ಜಿಲ್ಲೆಯ ಹೆಸರೇ ಕಲಾದಗಿ ಜಿಲ್ಲೆ. ಇಂಗ್ಲಿಷರ ದಂಡು ಅಲ್ಲಿತ್ತು, ಕಲೆಕ್ಟರ್ ಅಲ್ಲಿದ್ದ. ಇಂಡಿಯ ರೈತನ ಕೆಲಸವಿದ್ದರೆ ಭೀಮಾ ಸೀಮೆಯಿಂದ ಹೊರಟು, ಕೃಷ್ಣೆ ದಾಟಿ, ಘಟಪ್ರಭೆ ದಂಡೆಯವರೆಗೆ ಹೋಗಬೇಕಿತ್ತು.

1876-78ರ ಭೀಕರ ಬರ ನಮ್ಮ ಸೀಮೆಯನ್ನು ಹಿಂಡಿ ಹಾಕಿತು. ಕಾಳು ಸಾಗಿಸಲು ರೈಲು ಬೇಕೆಂಬ ಯೋಚನೆ ಅದರ ನಂತರ ಗಟ್ಟಿಯಾಯಿತು. 1884ರಲ್ಲಿ ಹೊಟಗಿ-ಗದಗ ರೈಲು ಓಡಿತು. ಇಂಡಿ ರೋಡ್ ನಿಲ್ದಾಣ ಇರುವುದು ಇದೇ ದಾರಿಯಲ್ಲಿ. ರೈಲು ವಿಜಯಪುರದ ಮೇಲೆ ಹೋಯಿತು, ಕಲಾದಗಿಗೆ ಬರಲಿಲ್ಲ. 1885ರಲ್ಲಿ ಜಿಲ್ಲಾ ಕೇಂದ್ರವೂ ವಿಜಯಪುರಕ್ಕೆ ಹೋಯಿತು. ಆದಿಲ್ ಶಾಹಿಗಳ ಹಳೆಯ ಮಹಲುಗಳನ್ನೇ ದುರಸ್ತಿ ಮಾಡಿ ಕಚೇರಿ ಮಾಡಿಕೊಂಡರು. ಪಾಳು ಬಿದ್ದ ಊರು ಮತ್ತೆ ಊರಾಯಿತು. ಕಚೇರಿಯಿದ್ದ ಕಲಾದಗಿ ಮತ್ತೆ ಹಳ್ಳಿಯಾಯಿತು.

ಇಂದು ವಿಜಯಪುರ ದೊಡ್ಡ ಊರಾಗಿರುವುದಕ್ಕೆ ಗೋಳಗುಮ್ಮಟ ಒಂದೇ ಕಾರಣವಲ್ಲ, ಆ ರೈಲು ಹಳಿಯೂ ಕಾರಣ. ದಾರಿಯ ಬೆಲೆ ಏನು ಅಂತ ಪಪುವಾ ನ್ಯೂಗಿನಿಯವರನ್ನು ಕೇಳಿ. ಅವರ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ದೇಶದ ಎರಡನೇ ದೊಡ್ಡ ಊರಾದ ಲಾಯ್‌ಗೆ ಇಂದಿಗೂ ರಸ್ತೆ ಇಲ್ಲ. ವಿಮಾನ ಇಲ್ಲವೇ ಹಡಗು.

ಇನ್ನು ಕಟ್ಟಲು ಹೊರಟು ಅರ್ಧಕ್ಕೇ ನಿಂತ ರಾಜಧಾನಿಯೂ ನಮ್ಮಲ್ಲಿದೆ. ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಹತ್ತಿರ, ನವರಸಪುರ ಎಂಬ ಹೊಸ ನಗರ ಶುರು ಮಾಡಿದ. ಸಂಗೀತಪ್ರಿಯ ದೊರೆ, ಸಂಗೀತದ ಊರು ಕಟ್ಟುವ ಆಸೆ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳು ಮಾಡಿದ. ಸಂಗೀತ ಮಹಲಿನ ಗೋಡೆಗಳು ಮಾತ್ರ ಉಳಿದವು. ಇಂದು ಅದೇ ತೊರವಿ ಸೀಮೆಯಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. ರಾಜಧಾನಿ ಆಗಲಿಲ್ಲ, ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಓದುವ ಜಾಗವಾಯಿತು.

ಯುದ್ಧ ಬಂದು

ಸಾಲೊಮನ್ ದ್ವೀಪಗಳಲ್ಲಿ ಬ್ರಿಟಿಷರ ಕೇಂದ್ರ ತುಲಾಗಿ ಎಂಬ ಸಣ್ಣ ದ್ವೀಪ. 1942ರಲ್ಲಿ ಜಪಾನಿನ ಸೈನ್ಯ ಬಂತು, ಅದರ ಬೆನ್ನಿಗೆ ಅಮೆರಿಕದ ಸೈನ್ಯ. ತುಲಾಗಿ ಹಾಳಾಯಿತು. ಎದುರಿನ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಅಮೆರಿಕದವರು ಹಾಕಿದ್ದ ದಂಡಿನ ಶೆಡ್ಡು, ರಸ್ತೆ, ವಿಮಾನ ನಿಲ್ದಾಣ ಖಾಲಿ ಬಿದ್ದವು. ಯುದ್ಧ ಮುಗಿದ ಮೇಲೆ ಸರ್ಕಾರ ಅಲ್ಲೇ ಹೋಗಿ ಕೂತಿತು. ಇಂದಿನ ರಾಜಧಾನಿ ಹೊನಿಯಾರಾ ಹುಟ್ಟಿದ್ದು ಹೀಗೆ.

ನಮ್ಮ ಮುದ್ದೇಬಿಹಾಳ ಸೀಮೆ ಇದಕ್ಕಿಂತ ದೊಡ್ಡ ಪಲ್ಲಟ ಕಂಡಿದೆ. 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಒಂದು ಕಡೆ ವಿಜಯನಗರದ ರಾಮರಾಯ, ಇನ್ನೊಂದು ಕಡೆ ದಖ್ಖನಿನ ಸುಲ್ತಾನರು. ಒಬ್ಬರು ಅದನ್ನು ತಾಳಿಕೋಟೆ ಯುದ್ಧ ಅನ್ನುತ್ತಾರೆ, ಇನ್ನೊಬ್ಬರು ರಕ್ಕಸತಂಗಡಗಿ ಯುದ್ಧ. ತಂಗಡಗಿ ಮುದ್ದೇಬಿಹಾಳ ತಾಲ್ಲೂಕಿನ ಊರು. ತಾಳಿಕೋಟೆಯೂ ಮೊನ್ನೆ ಮೊನ್ನೆ ಬೇರೆ ತಾಲ್ಲೂಕಾಗುವವರೆಗೆ ಮುದ್ದೇಬಿಹಾಳದಲ್ಲೇ ಇತ್ತು. ನಮ್ಮ ಹೊಲಗಳ ಹತ್ತಿರ ನಡೆದ ಒಂದು ದಿನದ ಕಾಳಗದಿಂದ ದೂರದ ಹಂಪಿ ಬರಿದಾಯಿತು. ವಿಜಯನಗರದ ಅರಸರು ಪೆನುಗೊಂಡೆಗೆ ಹೋದರು, ಮುಂದೆ ಚಂದ್ರಗಿರಿ, ವೇಲೂರಿಗೆ. ಇತ್ತ ಗೆದ್ದ ವಿಜಯಪುರದಲ್ಲಿ ಮಸೀದಿ, ಮಹಲು, ಕೆರೆ, ಕಾಲುವೆ ಎದ್ದವು. ಒಂದು ರಾಜಧಾನಿ ಇಳಿಯಿತು, ಒಂದು ಏರಿತು. ಏರಿದ್ದು ಕೂಡ 121 ವರ್ಷಕ್ಕೆ ಇಳಿಯಿತು.

ರಾಜಧಾನಿಯ ಏರಿಳಿತವನ್ನು ಬಾಗೇವಾಡಿ ಅದಕ್ಕೂ ಮೊದಲೇ ನೋಡಿತ್ತು. ಬಾಗೇವಾಡಿಯ ಬಸವಣ್ಣ ಕೂಡಲಸಂಗಮಕ್ಕೆ ಹೋದರು, ಅಲ್ಲಿಂದ ಕಲಚೂರಿಗಳ ಮಂಗಳವೇಢೆಗೆ. ಬಿಜ್ಜಳ ಚಾಲುಕ್ಯರ ಕಲ್ಯಾಣವನ್ನು ಹಿಡಿದಾಗ ಕಲ್ಯಾಣಕ್ಕೆ. ಹಳ್ಳಿಯ ಮನುಷ್ಯ ರಾಜಧಾನಿಗೆ ಹೋಗಿ ಭಂಡಾರದ ಕೆಲಸ ಹಿಡಿದ ಕಥೆ ಅದು. ಆದರೆ ಅವರು ಅಲ್ಲಿ ಬರೇ ಲೆಕ್ಕ ಬರೆಯಲಿಲ್ಲ, ಲೆಕ್ಕವನ್ನೇ ಪ್ರಶ್ನೆ ಮಾಡಿದರು. 1160ರ ದಶಕದ ಕೊನೆಗೆ ಕಲ್ಯಾಣದಲ್ಲಿ ಕ್ರಾಂತಿಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕು ದಿಕ್ಕಿಗೆ ಚದುರಿದರು. ಕಲಚೂರಿಗಳ ಆಳ್ವಿಕೆ ಕೆಲವೇ ವರ್ಷದಲ್ಲಿ ಮುಗಿಯಿತು. ವಚನಗಳು ಉಳಿದವು. ಹದಿಮೂರು ರಾಜಧಾನಿಗಳಲ್ಲಿ ಯಾವುದೂ ಅಷ್ಟು ಬಾಳಲಿಲ್ಲ.

ದೂರದ ಜಗಳ

ನ್ಯೂಜಿಲೆಂಡಿನ ರಾಜಧಾನಿ ಮೊದಲು ಒಕಿಯಾಟೊ, 1841ರಲ್ಲಿ ಆಕ್ಲೆಂಡ್. ಆದರೆ ಆಕ್ಲೆಂಡ್ ಉತ್ತರದ ತುದಿ. ದಕ್ಷಿಣ ದ್ವೀಪದಲ್ಲಿ ಚಿನ್ನ ಸಿಕ್ಕಿತ್ತು, ಹಣವಿತ್ತು. "ಇಷ್ಟು ದೂರದ ಸರ್ಕಾರ ನಮಗೆ ಬೇಡ, ನಾವೇ ಬೇರೆ ಆಗುತ್ತೇವೆ" ಎಂಬ ಮಾತು ಅಲ್ಲಿ ಶುರುವಾಯಿತು. ಕೊನೆಗೆ ನಡುವಿನ ಊರು ಆರಿಸಿ ಎಂದು ಆಸ್ಟ್ರೇಲಿಯಾದ ಪಂಚರನ್ನು ಕರೆಸಿದರು. 1865ರಲ್ಲಿ ವೆಲಿಂಗ್ಟನ್ ರಾಜಧಾನಿಯಾಯಿತು.

ಪಂಚಾಯಿತಿ ಹೇಳಲು ಹೋದ ಆಸ್ಟ್ರೇಲಿಯಾದವರಿಗೂ ಮುಂದೆ ಅದೇ ಜಗಳ ಬಂತು. ಸಿಡ್ನಿಯೋ ಮೆಲ್ಬರ್ನೋ? ಎರಡೂ ಬೇಡ ಅಂದು ನಡುವೆ ಕ್ಯಾನ್‌ಬೆರಾ ಕಟ್ಟಿದರು. 1901ರಿಂದ 1927ರವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ ಕಾಯುತ್ತ ಕೂತಿತ್ತು.

ಪಲಾವು ದೇಶದ್ದು ಇನ್ನೂ ಸೋಜಿಗ. ಜನ ಇರುವುದು ಕೊರೊರ್ ಎಂಬ ಊರಲ್ಲಿ. ರಾಜಧಾನಿ ದೊಡ್ಡ ದ್ವೀಪದಲ್ಲಿರಬೇಕು ಅಂತ ಸಂವಿಧಾನದಲ್ಲೇ ಬರೆದಿದ್ದರು. 2006ರಲ್ಲಿ ಎನ್ಗೆರುಲ್ಮುಡ್ ಎಂಬಲ್ಲಿ ಅಮೆರಿಕದ ಸಂಸತ್ ಭವನದಂಥ ಕಟ್ಟಡ ಕಟ್ಟಿ ರಾಜಧಾನಿ ಅಂದರು. ನೌಕರರು ಇಂದಿಗೂ ಕೊರೊರ್‌ನಿಂದ ದಿನಾ ಹೋಗಿ ಬರುತ್ತಾರೆ. ಸಂಜೆಯಾದರೆ ರಾಜಧಾನಿ ಖಾಲಿ.

ಇದನ್ನು ಓದಿದಾಗ ನಿಮಗೆ ಬೆಳಗಾವಿಯ ಸುವರ್ಣ ಸೌಧ ನೆನಪಾದರೆ ತಪ್ಪಿಲ್ಲ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅದನ್ನು ಉದ್ಘಾಟಿಸಿದರು. ಚಳಿಗಾಲದಲ್ಲಿ ಕೆಲವು ದಿನ ಅಧಿವೇಶನ ನಡೆಯುತ್ತದೆ. ಆಗ ಟೆಂಟು ಹಾಕಿ ಧರಣಿ ಕೂರಲು ನಮ್ಮ ರೈತರು, ಅಂಗನವಾಡಿ ಅಕ್ಕಂದಿರು ಬೆಳಗಾವಿಗೆ ಹೋಗುತ್ತಾರೆ. 500 ಕಿಲೋಮೀಟರ್‌ಗೂ ಹೆಚ್ಚು ದೂರದ ಬೆಂಗಳೂರಿಗಿಂತ ಅದು ಹತ್ತಿರ, ಅದು ಸುಳ್ಳಲ್ಲ. ಆದರೆ ಕಟ್ಟಡ ಹತ್ತಿರ ಬಂದರೆ ಕಡತವೂ ಹತ್ತಿರ ಬರುತ್ತದೆಯೇ? ಪಲಾವಿನ ಖಾಲಿ ಸಂಜೆಗಳು ಕೇಳುವ ಪ್ರಶ್ನೆಯೂ ಅದೇ.

ಭಾಷೆ ಮತ್ತು ನೀರು

ಬ್ರಿಟಿಷರು ಗಿಲ್ಬರ್ಟ್ ಮತ್ತು ಎಲಿಸ್ ಎಂಬ ಎರಡು ದ್ವೀಪಗುಂಪುಗಳನ್ನು ಒಂದೇ ವಸಾಹತು ಮಾಡಿದ್ದರು. ಆಡಳಿತ ಕೊನೆಗೆ ಗಿಲ್ಬರ್ಟ್ ಕಡೆಯ ತರಾವಾದಲ್ಲಿತ್ತು. ಎಲಿಸ್ ಜನರ ಭಾಷೆ ಬೇರೆ, ನಡೆನುಡಿ ಬೇರೆ. ನೌಕರಿಯಲ್ಲಿ, ಸಭೆಯಲ್ಲಿ ತಾವು ಸಣ್ಣ ಪಾಲಾಗುತ್ತೇವೆ ಎಂಬ ಭಯ. 1974ರಲ್ಲಿ ಮತ ಹಾಕಿಸಿದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಬೇರೆಯಾಗೋಣ ಅಂದರು. ಇಂದು ಅದು ತುವಾಲು, ರಾಜಧಾನಿ ಫುನಾಫುಟಿ. ಇನ್ನೊಂದು ಕಿರಿಬಾಟಿ.

ನಮ್ಮ ಏಕೀಕರಣದ ಕಥೆಯೂ ಇಲ್ಲಿಂದ ಬಹಳ ದೂರವಿಲ್ಲ. ಮುಂಬೈ ಪ್ರಾಂತದಲ್ಲಿ ಕನ್ನಡದವರು ಸಣ್ಣ ಪಾಲು. ಆಗಿನ ಗುರುತು ಇಂದಿಗೂ ನಮ್ಮ ಬಾಯಲ್ಲಿದೆ. ಪಹಣಿಗೆ ನಾವು ಉತಾರ ಅನ್ನುತ್ತೇವೆ, ಅದು ಮರಾಠಿಯ ಮಾತು. ಜಿಲ್ಲೆ, ತಾಲ್ಲೂಕು, ತಹಶೀಲ್ದಾರ, ಜಮೀನು, ವಕೀಲ ಇವೆಲ್ಲ ಪಾರ್ಸಿ ಆಡಳಿತದಿಂದ ಬಂದವು. ಕೆಲವರ ಮನೆಯ ಟ್ರಂಕಿನಲ್ಲಿ ಮೋಡಿ ಲಿಪಿಯ ಹಳೆ ಕಾಗದ ಇನ್ನೂ ಇವೆ, ಓದುವವರಿಲ್ಲ. ಒಂದೊಂದು ರಾಜಧಾನಿ ಹೋಗುವಾಗ ನಮ್ಮಲ್ಲಿ ಒಂದಿಷ್ಟು ಮಾತು ಬಿಟ್ಟು ಹೋಗಿದೆ.

1956ರಲ್ಲಿ ನಾವು ಈಚೆ ಬಂದೆವು. ನಮ್ಮ ಗಡಿಗೆ ಹತ್ತಿಕೊಂಡ ಜತ್ತ, ಅಕ್ಕಲಕೋಟೆ ಆಚೆ ಉಳಿದವು. ಅಲ್ಲಿ ಮನೆಮಾತು ಕನ್ನಡವಾದ ಊರು ಎಷ್ಟೋ ಇವೆ. ಬೀಗರು ಆಚೆ, ನಾವು ಈಚೆ. ಬಸವಣ್ಣನವರು ಕೆಲಸ ಮಾಡಿದ ಮಂಗಳವೇಢೆ ಕೂಡ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ. 2022ರ ಕೊನೆಗೆ ಗಡಿ ವಿಷಯ ಬಿಸಿಯಾದಾಗ, ಜತ್ತ ತಾಲ್ಲೂಕಿನ ಕೆಲವು ಪಂಚಾಯಿತಿಗಳು ಹಿಂದೆ ಮಾಡಿದ್ದ ಠರಾವು ಮತ್ತೆ ಸುದ್ದಿಯಾಯಿತು: ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ. ಅವರು ಕೇಳಿದ್ದು ಬೆಂಗಳೂರನ್ನಲ್ಲ, ನೀರನ್ನು. ಹಳ್ಳಿಯವರು ರಾಜಧಾನಿಯನ್ನು ಅಳೆಯುವುದು ಹೀಗೆಯೇ.

ಭೀಮೆಯ ಮೇಲಿನ ಗೆರೆ

ಈಗ ಓದುವ ಕೋಣೆಯ ಹುಡುಗರಿಗೆ ನೇರ ತಟ್ಟುವ ಮಾತಿಗೆ ಬರೋಣ.

1948ರ ಸೆಪ್ಟೆಂಬರ್‌ವರೆಗೆ ಭೀಮೆಯ ಈಚೆ ಸಿಂದಗಿ, ಇಂಡಿ ಕಡೆಯವರ ರಾಜಧಾನಿ ಮುಂಬೈ. ಆಚೆ ದಂಡೆಯ ಅಫಜಲಪುರದವರದು ನಿಜಾಮನ ಹೈದರಾಬಾದ್. ತಾಳಿಕೋಟೆಯ ಮಗ್ಗುಲಿನ ಸುರಪುರ ಸೀಮೆಯೂ ಹೈದರಾಬಾದಿಗೆ. ಅದೇ ಕರಿಮಣ್ಣು, ಅದೇ ಬಿಳಿಜೋಳ, ಅದೇ ಮಾತು. ಮಳೆ ತಪ್ಪಿದರೆ ಎರಡೂ ಕಡೆ ಬರ.

ಹೈದರಾಬಾದ್ ಇವರ ರಾಜಧಾನಿಯಾಗಿ ಇಲ್ಲವಾಗಿ ದಶಕಗಳು ಕಳೆದವು. ಆದರೆ ಆ ಗೆರೆ ಅಳಿಯಲಿಲ್ಲ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಕಲಂ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸ್ಥಳೀಯರಿಗೆ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲು ಸಿಕ್ಕಿತು. ಅಫಜಲಪುರದ ಹುಡುಗನಿಗೆ ಆ ಪ್ರಮಾಣಪತ್ರ ಇದೆ, ಸಿಂದಗಿಯ ಹುಡುಗನಿಗೆ ಇಲ್ಲ. ಇಬ್ಬರ ಅಜ್ಜಂದಿರು ಒಂದೇ ಸಂತೆಗೆ ಎತ್ತು ಹೊಡೆದುಕೊಂಡು ಹೋಗಿರಬಹುದು.

ಆಚೆಯವರ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಅವರಿಗೆ ಅದು ಪುಕ್ಕಟೆ ಬಂದಿದ್ದಲ್ಲ. ನಿಜಾಮನ ಕಾಲದಲ್ಲಿ ಕನ್ನಡ ಶಾಲೆಗಳು ಕಡಿಮೆ, ಆಡಳಿತದ ಭಾಷೆ ಉರ್ದು. ಅವರು ಶುರು ಮಾಡಿದ್ದೇ ಹಿಂದಿನಿಂದ. ಆದರೆ ಹಿಂದುಳಿಯುವಿಕೆ ಹಳೆಯ ರಾಜಧಾನಿಯ ಗೆರೆಗೆ ಬಂದು ನಿಲ್ಲುವುದಿಲ್ಲ. ಬಳ್ಳಾರಿ ನಿಜಾಮನ ಕೊನೆಯ ದಿನಗಳಲ್ಲಿ ಹೈದರಾಬಾದಿನಲ್ಲಿ ಇರಲೇ ಇಲ್ಲ, ಮದ್ರಾಸಿನಲ್ಲಿತ್ತು. ಅದನ್ನೂ ಸೇರಿಸಲಾಯಿತು. ಅಂದರೆ ಗೆರೆ ಸರಿಸಲು ಬರುತ್ತದೆ ಅಂತಾಯಿತು. ಅಳೆಯುವ ಇನ್ನೊಂದು ಕೋಲೂ ಸರ್ಕಾರದ ಬಳಿ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ಹಿಡಿದು ಅಳೆಯಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ತಾಲ್ಲೂಕಿನ ಲೆಕ್ಕ ನಿಜದ ಹತ್ತಿರ ಇರುತ್ತದೆ. ಹಳೆಯ ರಾಜಧಾನಿಯ ಲೆಕ್ಕ ಯಾವುದೋ ಯುದ್ಧದ, ಯಾವುದೋ ಒಪ್ಪಂದದ ಹತ್ತಿರ ಇರುತ್ತದೆ.

ಈಗ ನಮಗೆ ಎಷ್ಟು ರಾಜಧಾನಿ?

ವನುವಾಟು ದೇಶವನ್ನು 1980ರವರೆಗೆ ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಆಳಿದವು. ಪೋರ್ಟ್ ವಿಲಾ ಎಂಬ ಒಂದೇ ಊರಲ್ಲಿ ಎರಡು ಪೊಲೀಸ್, ಎರಡು ಜೈಲು, ಎರಡು ಕಾನೂನು. ಕೇಳಿದರೆ ನಗು ಬರುತ್ತದೆ. ನಮ್ಮದನ್ನೂ ಸ್ವಲ್ಪ ನೋಡಿಕೊಳ್ಳೋಣ.

ಕರೆಂಟು ಹೋದರೆ ನಮ್ಮ ಹೆಸ್ಕಾಂ ಹುಬ್ಬಳ್ಳಿಯದು. ಬಸ್ಸು ಬರದಿದ್ದರೆ ಸಾರಿಗೆ ನಿಗಮದ ಕೇಂದ್ರ ಕಲಬುರಗಿ. ಹೈಕೋರ್ಟ್ ಪೀಠವೂ ಕಲಬುರಗಿ. ಪ್ರಾದೇಶಿಕ ಆಯುಕ್ತರು ಬೆಳಗಾವಿ. ಮಂತ್ರಿ ಬೆಂಗಳೂರು. ದವಾಖಾನೆ, ಪ್ಯಾಟಿ ಅಂದರೆ ಇಂಡಿ, ಚಡಚಣ ಕಡೆಯವರು ಸೊಲ್ಲಾಪುರದ ಬಸ್ಸು ಹತ್ತುತ್ತಾರೆ. ವಿಚಿತ್ರ ನೋಡಿ: ಬಸ್ಸಿಗೆ, ಕೋರ್ಟಿಗೆ ನಾವು ಕಲಬುರಗಿಯ ಜೊತೆ, ಮೀಸಲಾತಿಗೆ ಮಾತ್ರ ಅಲ್ಲ.

ಅದಕ್ಕೇ ಹತ್ತಿರದ ಕಚೇರಿ ಬೇಕೆಂಬ ಕೂಗು ನಿಲ್ಲುವುದಿಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ನಂತರ ತಾಳಿಕೋಟೆ, ದೇವರ ಹಿಪ್ಪರಗಿ, ಚಡಚಣ, ನಿಡಗುಂದಿ, ಕೊಲ್ಹಾರದಂಥ ಹೊಸ ತಾಲ್ಲೂಕುಗಳು ಬಂದವು. ಇಂಡಿಯನ್ನೇ ಜಿಲ್ಲೆ ಮಾಡಿ ಎಂಬ ಬೇಡಿಕೆಯೂ ಇದೆ. ಬೇಡಿಕೆ ನ್ಯಾಯದ್ದೇ ಇರಬಹುದು. ಆದರೆ ಕೇಳುವಾಗ ಎರಡು ಊರು ನೆನಪಿರಲಿ. ಒಂದು ಕಲಾದಗಿ: ಕಚೇರಿ ಬಂದಾಗ ಬೆಳೆದ ಊರು ಕಚೇರಿ ಹೋದಾಗ ಇಳಿಯಿತು, ಯಾಕೆಂದರೆ ರೈಲು ಬೇರೆ ದಾರಿ ಹಿಡಿಯಿತು. ಇನ್ನೊಂದು ಎನ್ಗೆರುಲ್ಮುಡ್: ಕಟ್ಟಡ ಬಂತು, ಜನ ಬರಲಿಲ್ಲ. ಬೋರ್ಡು ಕೇಳುವುದರ ಜೊತೆಗೆ ದಾರಿ, ಸಿಬ್ಬಂದಿ, ಸಹಿ ಹಾಕುವ ಅಧಿಕಾರ ಮೂರನ್ನೂ ಕೇಳಬೇಕು.

ಕಿರಿಬಾಟಿಯಲ್ಲಿ ಕಿರಿಸ್ಮಸ್ ಎಂದು ಉಚ್ಚರಿಸುವ ಒಂದು ದ್ವೀಪವಿದೆ, ಬರೆಯುವುದು ಕಿರಿಟಿಮಾಟಿ ಅಂತ. ಅಲ್ಲಿಂದ ತಮ್ಮದೇ ರಾಜಧಾನಿ ತರಾವಾಕ್ಕೆ 3,000 ಕಿಲೋಮೀಟರ್‌ಗೂ ಹೆಚ್ಚು ಸಮುದ್ರ. ಇನ್ನು ನೌರು ದೇಶ ಒಟ್ಟು 21 ಚದರ ಕಿಲೋಮೀಟರ್. ಎಲ್ಲರಿಗೂ ಎಲ್ಲವೂ ಹತ್ತಿರ. ಅದಕ್ಕೇ ಅವರಿಗೆ ರಾಜಧಾನಿ ಅಂತ ಒಂದು ಊರಿಗೆ ಹೆಸರಿಡುವ ಗೋಜೇ ಬೀಳಲಿಲ್ಲ. ಓದುವ ಕೋಣೆಯ ಹುಡುಗನ ಪ್ರಶ್ನೆಗೆ ಉತ್ತರ ಇದೇ. ಹೌದು, ರಾಜಧಾನಿ ಇಲ್ಲದ ದೇಶ ಇರುತ್ತದೆ. ಕಚೇರಿ ಹತ್ತಿರ ಇದ್ದರೆ ರಾಜಧಾನಿಯ ಹೆಸರು ಯಾರಿಗೂ ಬೇಕಾಗುವುದಿಲ್ಲ.

ನೀವು ಒಂದು ಕೆಲಸ ಮಾಡಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಅಮ್ಮ, ಮುತ್ಯಾ ಇದ್ದರೆ, ಅವರು ಶಾಲೆಗೆ ಹೋಗುವಾಗ ಯಾವ ಸರ್ಕಾರ ಇತ್ತು ಕೇಳಿ. ಟ್ರಂಕಿನಲ್ಲಿ ಹಳೆಯ ಸ್ಟ್ಯಾಂಪ್ ಕಾಗದ ಇದ್ದರೆ ಅದರ ಮೇಲೆ ಯಾವ ಊರಿನ ಹೆಸರಿದೆ ನೋಡಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಹುಳ ತಿನ್ನುವ ಮೊದಲು.

ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಆದರೆ ನಿಮ್ಮ ಅರ್ಜಿ ಯಾಕೆ ಅಷ್ಟು ದೂರ ಹೋಗುತ್ತದೆ, ನಿಮ್ಮ ಊರಿಗೆ ಯಾಕೆ ಆ ಮೀಸಲು ಇಲ್ಲ ಎಂಬುದಕ್ಕೆ ಉತ್ತರ ಆ ಟ್ರಂಕಿನಲ್ಲೇ ಇದ್ದೀತು.